ಒಂಟಿ ಟಿಕ್ಕಿನ ಹೆಮ್ಮೆ

ಈಚೆಗೆ ನನಗೆ ಸ್ವಲ್ಪ ಜಂಬ ಬಂದಿದೆ. ಮನೆ ಕಟ್ಟಿಸಿದ್ದಕ್ಕಲ್ಲ, ಪ್ರಶಸ್ತಿ ಬಂದದ್ದಕ್ಕೂ ಅಲ್ಲ. ನನ್ನ ಅಪ್ಪಣೆಯಿಲ್ಲದೆ ನನ್ನ ಫೋನಿನಲ್ಲಿ ಇಂಟರ್ನೆಟ್ ಓಡುವುದಿಲ್ಲ, ಅಷ್ಟೆ. ವಿಜಯನಗರದ ತರಕಾರಿ ಅಂಗಡಿಯ ಮುಂದೆ ಎಲ್ಲರೂ ಫೋನಿಗೆ ತಲೆ ತಗ್ಗಿಸಿ ನಿಂತಿರುವಾಗ ನಾನೊಬ್ಬಳು ತಲೆ ಎತ್ತಿ ಹೀರೇಕಾಯಿ ಆರಿಸುತ್ತಿರುತ್ತೇನೆ. ಇದನ್ನು ಯಾರಾದರೂ ಗಮನಿಸಿದರೇ ಎಂದು ನಡುನಡುವೆ ಕಣ್ಣು ಹಾಯಿಸುವುದೂ ಉಂಟು.

ಶುರುವಾದದ್ದು ಹೀಗೆ. ಹೀಗೆಯೇ ಎಂದು ನನ್ನ ನೆನಪು ಹೇಳುತ್ತದೆ ಎನ್ನುವುದು ಮೇಲು. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಸಾಕ್ಷಿಗಳನ್ನು ಸುಮ್ಮನೆ ನಂಬಬಾರದೆಂದು ಮೇಷ್ಟ್ರು ಹೇಳಿಕೊಟ್ಟದ್ದನ್ನು ನನ್ನ ಮೇಲೇ ಹೆಚ್ಚಾಗಿ ಪ್ರಯೋಗಿಸುತ್ತೇನೆ. ದಿನದ ಡೇಟಾ ಊಟದ ಹೊತ್ತಿಗೇ ಖಾಲಿಯಾಗುತ್ತಿತ್ತು. ನಾನೋ ಏನೂ ನೋಡಿರುತ್ತಿರಲಿಲ್ಲ. ಒಂದು ಭಾನುವಾರ ಸೆಟ್ಟಿಂಗ್ಸ್ ಒಳಹೊಕ್ಕು ನೋಡಿದರೆ, ನನಗೆ ತಿಳಿಯದೆ ಕೂತು ಉಣ್ಣುತ್ತಿದ್ದವರ ಪಂಕ್ತಿಯೇ ಇತ್ತು. ಟಾರ್ಚಿಗೂ ಇಂಟರ್ನೆಟ್ ಬೇಕಂತೆ. ಕತ್ತಲೆ ಎಲ್ಲಿದೆ ಎಂದು ಅದು ಯಾರನ್ನು ಕೇಳಬೇಕೋ! ಪಂಚಾಂಗದ ಆ್ಯಪ್ ಆಗಾಗ ಹೊರಗೆ ಹೋಗಿ ಬರುತ್ತಿತ್ತು, ರಾಹುಕಾಲ ಎಲ್ಲಿ ಮನಸ್ಸು ಬದಲಾಯಿಸಿತೋ ಎಂಬಂತೆ.

ಹಿಂದೆ ನಮ್ಮ ಊರಿನ ಹಳೇ ಪೇಟೆಗೆ ಕೋಟೆಯಿತ್ತು, ಕೋಟೆಗೆ ಬಾಗಿಲುಗಳಿದ್ದವು. ಬಾಗಿಲು ಹಾಕಿದ ಮೇಲೆ ಬಂದವನು ಎಷ್ಟೇ ದೊಡ್ಡ ವರ್ತಕನಾದರೂ ಎತ್ತು ಬಿಚ್ಚಿ ಹೊರಗೇ ಮಲಗಬೇಕಾಗಿತ್ತೆಂದು ನಾನು ಊಹಿಸುತ್ತೇನೆ. ಆ ದ್ವಾರಪಾಲಕನ ಗತ್ತು ಆ ಭಾನುವಾರ ನನಗೆ ಬಂತು. ಒಂದೊಂದಾಗಿ ಎಲ್ಲ ಆ್ಯಪ್‌ಗಳ ಬಾಗಿಲು ಹಾಕಿದೆ. ಕೊನೆಗೆ ಮೊಬೈಲ್ ಡೇಟಾವನ್ನೇ ಆಫ್ ಮಾಡಿದೆ. ಬೇಕಾದಾಗ ನಾನೇ ಆನ್ ಮಾಡುವುದು, ಕೆಲಸ ಮುಗಿದೊಡನೆ ಆಫ್. ಆಮೇಲಾಮೇಲೆ ಆನ್ ಮಾಡುವುದನ್ನೇ ಮರೆಯತೊಡಗಿದೆ. ಮರೆತದ್ದನ್ನು ಸಂಯಮ ಎಂದು ಕರೆದುಕೊಂಡೆ.

ಹೀಗೆ ಸಂಯಮದಲ್ಲಿದ್ದ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಕೆಂಗೇರಿಯಿಂದ ಸರೋಜತ್ತಿಗೆ ಬಂದಿದ್ದರು. ಅವರು ನನ್ನ ದೊಡ್ಡಪ್ಪನ ಮಗನ ಹೆಂಡತಿ. ಎಷ್ಟೋ ವರ್ಷಗಳಿಂದ ನಮ್ಮಿಬ್ಬರ ಸಂಬಂಧ ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಬ್ಬದ ಹೂವುಗಳನ್ನು ಕಳಿಸಿಕೊಳ್ಳುವಷ್ಟಕ್ಕೆ ನಿಂತಿತ್ತು. ಒಳಗೆ ಬಂದವರು ನೀರನ್ನೂ ಮುಟ್ಟಲಿಲ್ಲ.

"ನಮ್ಮೇಲೆ ಇನ್ನೂ ಕೋಪನಾ ನಿರ್ಮಲಾ? ಅದನ್ನ ಹೇಳ್ಬಿಡು ಮೊದ್ಲು."

"ಯಾಕತ್ತಿಗೆ? ಏನಾಯ್ತು?"

"ಹೊಸ ಮನೆ ಗೃಹಪ್ರವೇಶದ ಕಾರ್ಡು ನಿನಗೇ ಅಂತ ಬೇರೆ ಕಳ್ಸಿದ್ದೆ. ಒಂದೇ ಟಿಕ್ಕು! ದಿನಾ ತೆಗ್ದು ನೋಡ್ತೀನಿ, ಅದೇ ಒಂಟಿ ಟಿಕ್ಕು. ಬ್ಲಾಕ್ ಮಾಡಿದಾಳೆ ಬಿಡು ಅಂದ್ರು ನಿಮ್ಮಣ್ಣ."

ನಾನು ಫೋನು ತಂದು ನನ್ನ ಕೋಟೆಯನ್ನೆಲ್ಲ ತೋರಿಸಿದೆ. ಡೇಟಾ ಆನ್ ಮಾಡಿದಾಗ ಅವರ ಕಾರ್ಡು ಬಂದು ಬಿತ್ತು: ಗಣೇಶ, ಮಾವಿನ ತೋರಣ, ಕೆಳಗೆ 'ಇದನ್ನೇ ಖುದ್ದು ಕರೆದಂತೆ ಭಾವಿಸಿ ಬರಬೇಕು'.

"ಇನ್ನೂ ಅಂದ್ರಲ್ಲ ಅತ್ತಿಗೆ, ಯಾವ ಕೋಪ?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವರ ಮಗನ ನಾಮಕರಣದ ದಿನ ನನ್ನನ್ನು ಯಾರೂ ಊಟಕ್ಕೆ ಏಳು ಎನ್ನಲಿಲ್ಲ, ನಾನು ಹಾಗೇ ಎದ್ದು ಬಂದೆ ಎಂಬುದು ನನ್ನ ನೆನಪು. ಅತ್ತಿಗೆ ಕಣ್ಣರಳಿಸಿದರು.

"ಎಲೆ ಹಾಕಿ ಕಾಯ್ತಾ ಇದ್ವಲ್ಲೇ! ಪರೀಕ್ಷೆ ಇದೆ ಅಂತ ಓಡಿದವಳು ನೀನು. ಬೇಜಾರಾಗಿದ್ದು ನಮಗೆ."

ಯಾರ ನೆನಪು ಸರಿ? ಇಬ್ಬರದೂ ಸಾಕ್ಷಿಯೇ, ಇಬ್ಬರೂ ಕಕ್ಷಿದಾರರೇ. ಇತಿಹಾಸದ ವಿದ್ಯಾರ್ಥಿನಿಯಾಗಿ ತೀರ್ಪು ಕೊಡದೆ ಉಪ್ಪಿಟ್ಟು ಮಾಡಿದೆ. ಅತ್ತಿಗೆ ಬಡಿಸಿದ್ದನ್ನೆಲ್ಲ ತಿಂದರು. ಆಮೇಲೆ ಚೀಲದಿಂದ ಕುಂಕುಮದ ಭರಣಿ ತೆಗೆದು ನನ್ನ ಹಣೆಗಿಟ್ಟು, ಅಚ್ಚು ಹಾಕಿಸಿದ ಕಾರ್ಡು ಕೈಗಿತ್ತು, "ಖಂಡಿತ ಬರ್ಬೇಕು" ಎಂದರು. ಆ ಎರಡನೇ ಟಿಕ್ಕು ಸಮಯಕ್ಕೆ ಸರಿಯಾಗಿ ಬಿದ್ದಿದ್ದರೆ ನಾನೊಂದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತಿದ್ದೆ, ಇಬ್ಬರೂ ನಮ್ಮ ನಮ್ಮ ನಾಮಕರಣವನ್ನು ಹೊತ್ತುಕೊಂಡೇ ಇರುತ್ತಿದ್ದೆವು.

ಹೊರಡುವಾಗ ಅತ್ತಿಗೆ, "ಬಾಪೂಜಿ ನಗರಕ್ಕೆ ಹೋಗಿ ಚಿಕ್ಕಮ್ಮನ್ನ ನೋಡ್ಕೊಂಡು ಹೋಗ್ತೀನಿ, ನೀನೂ ಬಾ. ಅವ್ರು ಮೆಸೇಜ್ ನೋಡಿದಾರೆ, ಎರಡೂ ಟಿಕ್ಕು ನೀಲಿಯಾಗಿದೆ. ಕರೆಯೋ ಕೆಲಸ ಏನಿಲ್ಲ" ಎಂದರು.

ಚಿಕ್ಕಮ್ಮ, ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ, ಬಾಗಿಲಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

"ಕಾರ್ಡು ನೋಡಿದ್ರಲ್ಲ ಚಿಕ್ಕಮ್ಮ?" ಎಂದರು ಅತ್ತಿಗೆ.

"ನೋಡ್ದೆ, ಚೆನ್ನಾಗಿತ್ತು. ಯಾರ ಮನೇದೋ ಅನ್ಕೊಂಡೆ. ನಮ್ಮನೇದಾಗಿದ್ರೆ ಬಂದು ಕರೀತಿದ್ರಲ್ಲ."

ಅತ್ತಿಗೆಯ ಮುಖ ಕೆಂಪಾಯಿತು. ಚಿಕ್ಕಮ್ಮ ನನ್ನತ್ತ ತಿರುಗಿ, "ನೀನ್ಯಾಕೆ ಬಂದೆ? ನೀನು ಅವ್ರ ಜೊತೆ ಮಾತು ಬಿಟ್ಟಿದ್ಯಲ್ಲ" ಎಂದರು.

"ಕರೆಯೋಕೇ ಬಂದಿದ್ದೀವಿ ಚಿಕ್ಕಮ್ಮ," ಎಂದು ಅತ್ತಿಗೆ ಭರಣಿಯನ್ನು ನನ್ನ ಕೈಗೆ ಕೊಟ್ಟರು. "ಮನೆ ಮಗಳು ಜೊತೇಲಿಲ್ದೆ ಕರೆಯೋದು ಹೇಗೆ?"

ಚಿಕ್ಕಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಣೆ ಮುಂದೆ ಮಾಡಿದರು. ನಾನು ಮುಚ್ಚಳ ತೆಗೆದೆ.