ಗಂಧದ ಸಾಬೂನಿನ ನೊರೆ

ಮೊನ್ನೆ ಮೋಟಾರ್‌ಹೋಮಿನ ಸಿಂಕಿನ ಕೆಳಗಿನ ಖಾನೆಯಲ್ಲಿ ಕೈಯಾಡಿಸುವಾಗ ಒಂದು ಶೇವಿಂಗ್ ಬ್ರಷ್ ಸಿಕ್ಕಿತು. ಕೂದಲು ಒಣಗಿ ಕಡ್ಡಿಯಾಗಿತ್ತು. ಸುಮ್ಮನೆ ಮೂಗಿನ ಹತ್ತಿರ ಹಿಡಿದೆ. ಮೂರು ಬೇಸಿಗೆ ಆ ಮುಚ್ಚಿದ ಗಾಡಿಯೊಳಗೆ ಬೆಂದಿದ್ದರೂ ಗಂಧದ ಸಾಬೂನಿನ ವಾಸನೆ ಹೋಗಿರಲಿಲ್ಲ... ಖಾನೆಯ ಬಾಗಿಲು ಮುಚ್ಚುವುದನ್ನೂ ಮರೆತು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಕತಾರಿನಲ್ಲಿ ಕೂತು ಹೀಟರ್ ರಿಪೇರಿಯ ಕತೆ ಹೇಳಿದರೆ ಊರಿನವರು ನಂಬುವುದಿಲ್ಲ. "ನಿಮ್ಮಲ್ಲಿ ಕಾರಿನ ಬಾನೆಟ್ ಮೇಲೇ ದೋಸೆ ಹುಯ್ಬಹುದಂತಲ್ಲೋ" ಎನ್ನುತ್ತಾಳೆ ಮೈಸೂರಿನ ನನ್ನ ಅಕ್ಕ. ಆದರೆ ಡಿಸೆಂಬರ್ ಕಳೆಯಿತೆಂದರೆ ಮೆಸಯೀದ್ ಪಟ್ಟಣದಾಚೆಯ ಮರಳಿನಲ್ಲಿ ಬೀಸುವ ಗಾಳಿ ಮೂಳೆಗೇ ಇಳಿಯುತ್ತದೆ. ಇಲ್ಲಿಯ ಜನ ಆಗಲೇ ಮನೆಮಂದಿಯೆಲ್ಲ ಹೊರಟು ಅಲ್ಲಿ ವಾರಗಟ್ಟಲೆ ಬಿಡಾರ ಹೂಡುತ್ತಾರೆ. ಅವರಿಗೆ ಕಾರವಾನ್ ಎಂಬ ಗಾಲಿಮನೆಗಳನ್ನು ಬಾಡಿಗೆಗೆ ಕೊಡುವುದು ನಮ್ಮ ಕಂಪನಿಯ ವ್ಯಾಪಾರ. ಅವುಗಳ ನಡುವೆ ದೊಡ್ಡಕ್ಕನಂತೆ ಒಂದು ಅಮೆರಿಕದ ಮೋಟಾರ್‌ಹೋಮ್ ಇದೆ. ಬಸ್ಸಿನ ಹೊಟ್ಟೆಯೊಳಗೆ ಅಡುಗೆಮನೆ, ಬಚ್ಚಲು, ಮಂಚಗಳು. ಬೀರುವಿನ ಅಡಿಯಲ್ಲಿ ಪ್ರೊಪೇನ್ ಗ್ಯಾಸಿನಿಂದ ಉರಿಯುವ ಹೀಟರ್. ಹಮದ್ ಬಂದರಿನಲ್ಲಿ ಅದನ್ನು ಬಿಡಿಸಿಕೊಂಡು ಬಂದವನು ನಾನೇ. ಬಿಡಿಭಾಗ ತರಿಸುವುದು, ತರಿಸಿದ್ದು ಸರಿಯಿದೆಯೋ ಇಲ್ಲವೋ ಎಂದು ಚಿಂತಿಸುವುದು, ಎರಡೂ ನನ್ನ ಪಾಲಿನವು. ಎರಡನೆಯದನ್ನು ಯಾರೂ ನನಗೆ ವಹಿಸಿಲ್ಲ.

ಚಿಂತೆಯ ವಿಷಯದಲ್ಲಿ ನಾನು ನುರಿತವನು. ದೋಹಾದ ಅಲ್ ಹಿಲಾಲಿನಲ್ಲಿರುವ ನಮ್ಮ ಮನೆಯಿಂದ ಹೊರಟು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಶುರು. ಕಾರು ತಿರುಗಿಸಿ ತಿರುಗಿಸಿ ಸಾಕಾಗಿ, ಈಗ ಹೆಂಡತಿಯೇ ದಿನಾ ಬೆಳಿಗ್ಗೆ ಒಲೆಯ ಗುಂಡಿಗಳ ಫೋಟೋ ಕಳಿಸುತ್ತಾಳೆ. ಅದು ನಿನ್ನೆಯ ಫೋಟೋ ಇರಬಹುದೇ ಎಂದು ನಾನು ದೊಡ್ಡದು ಮಾಡಿ ನೋಡುತ್ತೇನೆ.

ಇಂಥ ನನಗೆ ಒಂಬತ್ತು ಚಳಿಗಾಲ ಧೈರ್ಯ ಕೊಟ್ಟವರು, ಗಾಡಿಗಳನ್ನು ನಿಲ್ಲಿಸುವ ನಮ್ಮ ಯಾರ್ಡಿನ ಗ್ಯಾಸ್ ಮೆಕ್ಯಾನಿಕ್. ಪಾಕಿಸ್ತಾನದ ಡ್ರೈವರಿನಿಂದ ಹಿಡಿದು ಮಲಯಾಳಿ ವಾಚ್‌ಮನ್‌ವರೆಗೆ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು, ನಾನೂ. ಉಡುಪಿಯ ದಕ್ಷಿಣಕ್ಕೆ ಕಡಲ ಪಕ್ಕದ ಊರಿನವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮನೆಗೆ ಫೋನು ಮಾಡಿದರೆ ತುಳು. ನನ್ನೊಡನೆ ಮಾತ್ರ ಇಸ್ತ್ರಿ ಹಾಕಿದಂಥ ಕನ್ನಡ. ನನ್ನ ಗಾಬರಿಯನ್ನು ಕಂಡು ಅವರಿಗೆ ಎಂದೂ ಬೇಸರವಾಗಲಿಲ್ಲ. "ನಿಮ್ಮ ಹಾಗೆ ಹೆದರುವವರು ಒಬ್ಬರು ಇರ್ಬೇಕು ಸಾರ್. ಊರಲ್ಲಿ ನಾಯಿ ಸಾಕುದಿಲ್ವಾ, ಹಾಗೆ" ಎಂದು ಅವರೊಮ್ಮೆ ಹೇಳಿದ್ದುಂಟು. ಅದು ಹೊಗಳಿಕೆಯೋ ಅಲ್ಲವೋ ಎಂದು ಮನೆಗೆ ಬಂದು ಬಹಳ ಹೊತ್ತು ಯೋಚಿಸಿದ್ದೆ.

ಅವರದೊಂದು ಪದ್ಧತಿಯಿತ್ತು. ಗ್ಯಾಸಿನ ಪೈಪಿಗೆ ಕೈ ಹಚ್ಚಿದರೆ, ಸಣ್ಣ ತಿರುಪನ್ನು ತಿರುಗಿಸಿದರೂ ಸರಿ, ಒಂದು ಸ್ಟೀಲ್ ಲೋಟದಲ್ಲಿ ಸಾಬೂನು ತೇಯ್ದು, ಶೇವಿಂಗ್ ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ನೊರೆ ಬಳಿಯುವರು. ಗುಳ್ಳೆ ಏಳುತ್ತದೆಯೋ ಎಂದು ಮದುಮಗನ ಮುಖಕ್ಕೆ ಕ್ಷೌರ ಮಾಡುವವನಂತೆ ಕಣ್ಣಿಟ್ಟು ನೋಡುವರು. ಬೇರೆಯವರೆಲ್ಲ ಮೂಸಿ ನೋಡಿ "ಮಾಫಿ ಮುಷ್ಕಿಲ್", ಏನೂ ತೊಂದರೆಯಿಲ್ಲ, ಎಂದು ಎದ್ದು ಹೋಗುವ ಕಡೆ ಇವರಿಗೆ ಅರ್ಧ ಗಂಟೆ ಬೇಕು. "ಮೂಗು ಸುಳ್ಳು ಹೇಳ್ತದೆ ಸಾರ್. ನೊರೆ ಹೇಳುದಿಲ್ಲ" ಎನ್ನುವರು.

ಆ ಶಿಸ್ತಿಗೆ ನಾನು ಮಾರುಹೋಗಿದ್ದೆ. ರಜೆಯಲ್ಲಿ ಮೈಸೂರಿಗೆ ಹೋದಾಗಲೆಲ್ಲ ಅವರಿಗೆಂದು ಗಂಧದ ಸಾಬೂನಿನ ಡಬ್ಬ ತರತೊಡಗಿದೆ. ಅವರು ಅದನ್ನು ಸ್ನಾನಕ್ಕೆ ಬಳಸದೆ ಲೋಟದಲ್ಲಿ ತೇಯುವುದನ್ನು ಕಂಡು ಒಮ್ಮೆ ತಡೆಯಲಾರದೆ, "ಏನ್ರೀ ಉಸ್ತಾದ್, ಅಂಥಾ ಪರಿಮಳದ ಸೋಪನ್ನ ಪೈಪಿಗೆ ಬಳೀತೀರಲ್ಲ!" ಎಂದೆ. ಅವರು ಬ್ರಷ್ಷನ್ನು ಲೋಟದ ಅಂಚಿಗೆ ತಟ್ಟಿ, "ಪೈಪಿಗೂ ಸ್ವಲ್ಪ ಪರಿಮಳ ಬೇಡವಾ ಮಾರಾಯ್ರೆ?" ಎಂದರು. ನಾನು ನಕ್ಕೆ. ಈಗ ನೆನೆದರೆ...

ಮೂರು ಚಳಿಗಾಲದ ಹಿಂದಿನ ಒಂದು ಗುರುವಾರ ಮಧ್ಯಾಹ್ನ. ಕಂಪನಿಯ ಮಾಲೀಕರ ಬಂಧುಗಳು ಸಂಜೆಗೆ ಮೋಟಾರ್‌ಹೋಮಿಗೆ ಬರುವವರಿದ್ದರು. ಜೊತೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಗಾಡಿಯನ್ನು ಮರಳಿನಲ್ಲಿ ನಿಲ್ಲಿಸಿಯಾಗಿತ್ತು. ಒಲೆ ಉರಿಯಿತು, ನೀರು ಬಂತು, ಹೀಟರ್ ಮಾತ್ರ ಹತ್ತಲಿಲ್ಲ. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಕಿಡಿಯ ಟಿಕ್ ಟಿಕ್ ಕೇಳುತ್ತದೆ, ಆಮೇಲೆ ಮೌನ. ಮೂರು ಸಲ ಹೀಗೆ ಮಾಡಿ ಅದು ತಾನಾಗಿಯೇ ಮುನಿಸಿಕೊಂಡು ಕೂರುತ್ತದೆ.

ಉಸ್ತಾದ್ ಅವಸರ ಮಾಡಲಿಲ್ಲ. ಮೊದಲು ಬ್ಯಾಟರಿ ನೋಡಿದರು, ಸರಿಯಿತ್ತು. ಹೊರಗಿನ ಹೊಗೆಗಿಂಡಿಯಲ್ಲಿ ಬೆರಳಾಡಿಸಿ ಒಂದು ಹಿಡಿ ಮರಳು ತೆಗೆದರು. ಫ್ಯಾನಿನ ಗಾಳಿ ತಾಗಿದರೆ ಮಾತ್ರ ಗ್ಯಾಸಿಗೆ ಅಪ್ಪಣೆ ಕೊಡುವ ಒಂದು ಪುಟ್ಟ ತಗಡಿನ ರೆಕ್ಕೆ ಒಳಗಿರುತ್ತದೆ. ಅದರ ಧೂಳು ಒರೆಸಿದರು. ಆದರೂ ಅದೇ ಟಿಕ್ ಟಿಕ್, ಅದೇ ಮೌನ. "ಇನ್ನು ಪ್ರೆಶರ್ ನೋಡುವ" ಎಂದು ತಮ್ಮ ಹಲಗೆ ತಂದರು. ಹಲಗೆಯ ಮೇಲೆ ಯು ಆಕಾರದಲ್ಲಿ ಬಗ್ಗಿಸಿದ ಪಾರದರ್ಶಕ ಪೈಪು, ಒಳಗೆ ಕೆಂಪು ಶರಬತ್ತು ಬೆರೆಸಿದ ನೀರು, ಪಕ್ಕದಲ್ಲಿ ಪೆನ್ನಿನಿಂದ ಬರೆದ ಇಂಚುಗಳು. ಗ್ಯಾಸಿನ ಒತ್ತಡಕ್ಕೆ ಆ ನೀರು ಎಷ್ಟು ಇಂಚು ಏರುತ್ತದೆಂದು ನೋಡುವುದು.

ಹೀಟರಿನ ಮೂತಿಗೆ ಆ ಪೈಪು ಸಿಕ್ಕಿಸಿ, ಸಿಲಿಂಡರನ್ನು ಕೂದಲೆಳೆಯಷ್ಟು ತೆರೆದು, ಅವರು ಮಂಡಿಯೂರಿ ಕುಳಿತು ನೊರೆ ಬಳಿಯಲು ಬ್ರಷ್ ಎತ್ತಿದ್ದರು. ಆಗಲೇ ನನಗೆ ಗಪ್ಪೆಂದು ವಾಸನೆ ಬಡಿಯಿತು. "ಉಸ್ತಾದ್! ಗ್ಯಾಸು!" ಎಂದು ಕಿರುಚಿಕೊಂಡು ಸಿಲಿಂಡರ್ ಮುಚ್ಚಿ, ಇದ್ದಬದ್ದ ಕಿಟಕಿಗಳನ್ನೆಲ್ಲ ತೆರೆದೆ. ತಿರುಗಿ ನೋಡಿದರೆ ಅವರು ಹಾಗೆಯೇ ಕುಳಿತಿದ್ದರು. ಅವರ ಮುಖಕ್ಕೂ ಆ ಸೋರುವ ಮೂತಿಗೂ ಗೇಣು ದೂರ. ನಾನು ನಾಲ್ಕು ಮಾರು ದೂರದ ಬಾಗಿಲಲ್ಲಿದ್ದವನು.

"ನಿಮಗೆ ವಾಸನೆ ಬರ್ಲಿಲ್ವಾ?"

ಅವರು ಬ್ರಷ್ಷನ್ನು ಲೋಟದೊಳಗೆ ಇಟ್ಟರು. "ಎರಡು ವರ್ಷ ಆಯ್ತು ಸಾರ್. ಆ ಜ್ವರ ಬಂತಲ್ಲ, ಎಲ್ಲರಿಗೂ ಬಂದದ್ದು. ಎಲ್ಲರದ್ದೂ ತಿರುಗಿ ಬಂತು, ನನ್ನದು ಬರ್ಲೇ ಇಲ್ಲ. ಈಗ ಬಂಗುಡೆ ಹುರಿದದ್ದೂ ಒಂದೇ, ಕೊಳೆತದ್ದೂ ಒಂದೇ" ಎಂದು ನಗಲು ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಅಂಗೈಯ ನೊರೆ ನನಗೂ ಮೆತ್ತಿತು. "ಇಲ್ಲಿ ಯಾರಿಗೂ ಗೊತ್ತಿಲ್ಲ, ಹೇಳ್ಬೇಡಿ ಆಯ್ತಾ? ಮೂಗು ಸತ್ತ ಗ್ಯಾಸಿನವನನ್ನು ಯಾರು ಇಟ್ಟುಕೊಳ್ತಾರೆ? ಮಗಳ ನರ್ಸಿಂಗ್ ಮುಗೀಲಿಕ್ಕೆ ಇನ್ನು ಎರಡು ವರ್ಷ ಉಂಟು. ಎರಡೇ ಚಳಿಗಾಲ ಸಾರ್."

"ಛೆ ಛೆ, ನಾನ್ಯಾಕ್ರೀ ಹೇಳ್ಲಿ?" ಎಂದೆ. ಮಾತು ಹಾಗೆಯೇ ಬಂದಿತ್ತು, ಸರಾಗವಾಗಿ.

ಮೂತಿಯನ್ನು ಬಿಗಿ ಮಾಡಿ, ನೊರೆ ಬಳಿದು, ಮತ್ತೆ ನೋಡಿದೆವು. ಕೆಂಪು ನೀರು ಹನ್ನೊಂದು ಇಂಚಿಗೆ ಏರಿ ನಿಂತಿತು. ಹೀಟರ್ ಗ್ಯಾಸು ಎಳೆಯತೊಡಗಿದ ಕ್ಷಣ ಸರ್ರನೆ ಐದಕ್ಕೆ ಇಳಿಯಿತು. ಮತ್ತೆ ಮಾಡಿದರು, ಮತ್ತೆ ಐದು. ಸಿಲಿಂಡರಿನ ಮೇಲಿನ ರೆಗ್ಯುಲೇಟರನ್ನು ಅವರು ಬೆರಳಿನಿಂದ ತಟ್ಟಿದರು. "ಇದು ಒಲೆಗೆ ಸಾಕು. ಹೀಟರಿನ ಹಸಿವಿಗೆ ಸಾಲುದಿಲ್ಲ. ಇದು ಅಡುಗೆಮನೆಯ ರೆಗ್ಯುಲೇಟರ್ ಮಾರಾಯ್ರೆ."

ಅದನ್ನು ತಂದವನು ನಾನು. ಹಳೆಯದು ಬಿಸಿಲಿಗೆ ಒಡೆದಿದೆ, ಇಂಥದ್ದೇ ಬೇಕು ಎಂದು ಅಕ್ಟೋಬರಿನಲ್ಲೇ ಅವರು ಚೀಟಿ ಬರೆದುಕೊಟ್ಟಿದ್ದರು. ನಾನು ಚೀಟಿಯನ್ನು ಕಾರಿನಲ್ಲೇ ಮರೆತು, ಇಂಡಸ್ಟ್ರಿಯಲ್ ಏರಿಯಾದ ಅಂಗಡಿಯವನು "ಸೇಮ್ ಸೇಮ್" ಎಂದು ಕೊಟ್ಟದ್ದನ್ನು ತಂದಿದ್ದೆ. ಎಲ್ಲದಕ್ಕೂ ಹೆದರುವ ನಾನು ಹೆದರಬೇಕಾದ ಒಂದೇ ಕಡೆ ನಿಶ್ಚಿಂತೆಯಿಂದಿದ್ದೆ. ಉಸ್ತಾದರಿಗೆ ಅದು ಗೊತ್ತಿತ್ತು. ಆದರೂ ಯಾರು ತಂದದ್ದೆಂದು ಕೇಳಲಿಲ್ಲ.

ಸರಿಯಾದ ರೆಗ್ಯುಲೇಟರ್ ಅಂದು ಎಲ್ಲೂ ಸಿಗಲಿಲ್ಲ. ಅಜ್ಜಿಗೆ ನಾಲ್ಕು ಕಂಬಳಿ ಹೊದಿಸಿದರಂತೆ. ಶುಕ್ರವಾರ ಬೆಳಿಗ್ಗೆಯೇ ಕೆಮ್ಮುತ್ತ ಎಲ್ಲರೂ ದೋಹಾಕ್ಕೆ ವಾಪಸ್ಸಾದರು.

ಭಾನುವಾರ ವೆಸ್ಟ್ ಬೇ ಆಫೀಸಿಗೆ ಬರಲು ಕರೆ ಬಂತು. ನಮ್ಮ ಮ್ಯಾನೇಜರು ಬೆಂಗಳೂರಿನವರು, ನನಗಿಂತ ಚಿಕ್ಕವರು, ಮೆಲ್ಲಗೆ ಮಾತಾಡುವವರು. ಕಿಟಕಿಯಾಚೆ ಸಮುದ್ರ ಥಳಥಳಿಸುತ್ತಿತ್ತು. "ಮಾಲೀಕರು ಕೇಳ್ತಿದಾರೆ. ಪ್ರಾಬ್ಲಮ್ ಸಾಮಾನಿನದಾ, ಮನುಷ್ಯನದಾ? ಒಂದೇ ಲೈನಲ್ಲಿ ಹೇಳಿ" ಎಂದರು.

ಅದೇ ತಿಂಗಳು ನನ್ನ ಕಾಂಟ್ರಾಕ್ಟ್ ನವೀಕರಣವಿತ್ತು. ಮಗ ಹತ್ತನೇ ಕ್ಲಾಸಿನಲ್ಲಿದ್ದ. ರೆಗ್ಯುಲೇಟರ್ ಎಂದರೆ ಮುಂದಿನ ಪ್ರಶ್ನೆ, ತಂದವರಾರು? ನನ್ನ ತಲೆಯಲ್ಲಿ ಆಗಲೇ ಲಗೇಜು ಕಟ್ಟಿ, ಮಗನ ಟಿ.ಸಿ. ತೆಗೆದು, ಮೈಸೂರಿನಲ್ಲಿ ಅಕ್ಕನ ಮನೆಯ ಮಹಡಿಗೆ ಬಾಡಿಗೆದಾರನಾಗಿ ಹೋಗಿಯಾಗಿತ್ತು. ಬಾಯಿ ತೆರೆದೆ.

"ಸಾರ್, ಸೇಫ್ಟಿ ವಿಷಯ ಅಂತ ಹೇಳ್ತಿದೀನಿ... ನಮ್ಮ ಉಸ್ತಾದರಿಗೆ ವಾಸನೆ ಗೊತ್ತಾಗಲ್ಲ."

ಒಂದೇ ಲೈನು. ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಗ್ಯಾಸಿನ ಕೆಲಸದವನಿಗೆ ಮೂಗು ಬೇಕಲ್ಲವೇ ಎಂದು ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ನಾನೂ ನನ್ನನ್ನು ಕೇಳಿಕೊಂಡು ಹೌದೆಂದುಕೊಂಡೆ. ಎರಡು ವರ್ಷ ಮೂಗಿಲ್ಲದೆ ಆ ಮನುಷ್ಯ ಒಂದು ಜಾಯಿಂಟನ್ನೂ ಸೋರಲು ಬಿಟ್ಟಿರಲಿಲ್ಲ ಎಂಬುದನ್ನು ಮ್ಯಾನೇಜರು ಕೇಳಲಿಲ್ಲ, ನಾನು ಹೇಳಲಿಲ್ಲ. ರೆಗ್ಯುಲೇಟರಿನ ಮಾತೇ ಬರಲಿಲ್ಲ.

ಅವರನ್ನು ತಪಾಸಣೆಗೆ ಕಳಿಸಿದರು. ಮೂರು ವಾರದಲ್ಲಿ ವೀಸಾ ಖಲಾಸ್. ಆ ತಿಂಗಳು ಕಂಪನಿಯ ಎಲ್ಲರಿಗೂ ಹೋದ ಮೇಲ್‌ನಲ್ಲಿ ನನ್ನ ಹೆಸರಿತ್ತು, ಸುರಕ್ಷತೆಯ ಎಚ್ಚರಕ್ಕೆ ಅಭಿನಂದನೆ. ಜೊತೆಗೊಂದು ಪಿಂಗಾಣಿ ಕಪ್ಪು ಕೊಟ್ಟರು. ಕಾಂಟ್ರಾಕ್ಟೂ ಮುಂದುವರಿಯಿತು.

ಅವರು ಹೊರಡುವ ದಿನ ನಾನು ಮೀಟಿಂಗ್ ಇದೆಯೆಂದು ಯಾರ್ಡಿಗೆ ಹೋಗಲಿಲ್ಲ. ಮೀಟಿಂಗ್ ಇರಲಿಲ್ಲ. ಬೀದಿಯ ಕೊನೆಯ ಕರಕ್ ಚಹಾದ ಅಂಗಡಿಯೆದುರು ಕಾರಿನಲ್ಲಿ ಎರಡು ಗಂಟೆ ಕುಳಿತಿದ್ದೆ. ಹೇಳಿದವನು ನಾನೆಂದು ಅವರಿಗೆ ಗೊತ್ತಾಗಿತ್ತೇ? ಆ ಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಗೊತ್ತಾಗದಿರಲು ಅವರೇನು ದಡ್ಡರೇ...

ಹೊಸ ರೆಗ್ಯುಲೇಟರನ್ನು, ಕಾರಿನ ಸೀಟಿನಡಿ ಸಿಕ್ಕಿದ ಅವರ ಚೀಟಿಯ ಪ್ರಕಾರವೇ, ನನ್ನ ಕೈಯಿಂದ ಖರ್ಚು ಮಾಡಿ ತಂದು ಯಾರಿಗೂ ತಿಳಿಯದಂತೆ ಹಾಕಿಸಿದೆ. ಮೊದಲ ಟಿಕ್ಕಿಗೇ ಹೀಟರ್ ಹೊತ್ತಿಕೊಂಡಿತು.

ಅವರು ಊರು ಸೇರಿದ ವಾರಕ್ಕೆ ವಾಟ್ಸಾಪಿನಲ್ಲಿ ಅವರ ದನಿಯ ಸಂದೇಶ ಬಂತು. ಹಿಂದೆ ಕಾಗೆಗಳ ಗಲಾಟೆ. "ಸಾರ್, ಆ ಹೀಟರ್ ಹತ್ತಿತಾ? ರೆಗ್ಯುಲೇಟರೇ ಅಲ್ಲವಾ? ಮನಸ್ಸಿಂದ ಹೋಗುದಿಲ್ಲ, ಅದಕ್ಕೆ ಕೇಳಿದ್ದು." ಅಷ್ಟೇ. ಬೈಗುಳವಿಲ್ಲ, ದೂರಿಲ್ಲ. ಬೈದಿದ್ದರೆ ಉತ್ತರಿಸಬಹುದಿತ್ತು. ಹೌದು ಎಂದು ಬರೆದರೆ ಅದು ನನ್ನದೇ ಬರಹದ ಸಾಕ್ಷಿಯಾಗುತ್ತದೆ, ಯಾರಿಗಾದರೂ ತೋರಿಸಿದರೆ ಎಂದು ಚಿಂತಿಸಿದೆ. ಅಂಥ ಮನುಷ್ಯ ಯಾರಿಗೆ ತೋರಿಸುತ್ತಿದ್ದ? ಬರೆದೆ, ಅಳಿಸಿದೆ. ನಾಳೆ ಎಂದುಕೊಂಡೆ.

ಆ ನಾಳೆ ಒಂದೂವರೆ ವರ್ಷ ಬೆಳೆಯಿತು. ಹೋದ ವರ್ಷದ ಮಳೆಗಾಲದಲ್ಲಿ, ಅವರೂರಿನ ಕಡೆಯವರೇ ಆದ ನಮ್ಮ ಸ್ಟೋರ್‌ಕೀಪರ್ ಊಟದ ಹೊತ್ತಿನಲ್ಲಿ, "ಗೊತ್ತುಂಟಾ ಸಾರ್, ನಮ್ಮ ಉಸ್ತಾದ್ ಹೋದ್ರಂತೆ. ಹಾರ್ಟು" ಎಂದ. ಹೋಟೆಲೊಂದರ ಕೌಂಟರಿನಲ್ಲಿ ಕೂರುತ್ತಿದ್ದರಂತೆ. ಮಗಳು ಓದು ಬಿಟ್ಟು ಬಟ್ಟೆ ಅಂಗಡಿಗೆ ಸೇರಿದ್ದಾಳಂತೆ. ನಾನು "ಅಯ್ಯೋ" ಎಂದೆ. ಅನ್ನಕ್ಕೆ ಸಾರು ಕಲಸಿಕೊಂಡೆ.

ಮೊನ್ನೆ ಆ ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಸಿದೆ. ಕೂದಲು ಮೆತ್ತಗಾಯಿತು. ಸೀಸನ್ ಶುರುವಾಗುವ ಮೊದಲು ಹೀಟರ್ ಪರೀಕ್ಷಿಸಬೇಕಿತ್ತು. ಹೊಸ ಮೆಕ್ಯಾನಿಕ್ ತ್ರಿಶೂರಿನವರು, ಒಳ್ಳೆಯ ಕೆಲಸಗಾರ, ಗ್ಯಾಸು ಸೋರಿದರೆ ಬೀಪ್ ಎನ್ನುವ ಯಂತ್ರ ಹಿಡಿದಿದ್ದರು. ಅದರ ಬ್ಯಾಟರಿ ಮುಗಿದಿತ್ತು. ಸಿಂಕಿನ ಪಕ್ಕದ ಸೋಪನ್ನು ಲೋಟದಲ್ಲಿ ತೇಯ್ದು, ಒಂದೊಂದೇ ಜಾಯಿಂಟಿಗೆ ನಾನೇ ನೊರೆ ಬಳಿದೆ. ಹೀಟರ್ ಮೊದಲ ಟಿಕ್ಕಿಗೆ ಹತ್ತಿತು.

"ಇದು ಚೆನ್ನಾಗಿದೆಯಲ್ಲ ಸಾರ್, ಯಾರು ಹೇಳಿಕೊಟ್ಟದ್ದು?" ಎಂದು ಅವರು ಹಿಂದಿಯಲ್ಲಿ ಕೇಳಿದರು.

ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಗಾಡಿ ನೋಡಲು ಬಂದವರು.

"ಯೂಟ್ಯೂಬಿನಲ್ಲಿ ನೋಡಿದೆ" ಎಂದೆ.

ಅವರಿಬ್ಬರೂ ಇಳಿದು ಹೋದ ಮೇಲೂ ನಾನು ಅಲ್ಲೇ ಮಂಡಿಯೂರಿದ್ದೆ. ಹೀಟರ್ ಗುಂಯ್ಗುಡುತ್ತಿತ್ತು, ಬೆಚ್ಚನೆಯ ಗಾಳಿ ಮುಖಕ್ಕೆ ಬರುತ್ತಿತ್ತು. ನನಗೆ ಮಾತ್ರ ಎಲ್ಲಿಂದಲೋ ಗ್ಯಾಸಿನ ವಾಸನೆ ಬರುತ್ತಲೇ ಇತ್ತು. ಮತ್ತೆ ಬಳಿದೆ, ಮತ್ತೆ ಬಗ್ಗಿ ನೋಡಿದೆ. ನೊರೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.