ಹೌಸ್ ಲೈಟ್ ಹೊತ್ತಿದ ಒಂದು ನಿಮಿಷ

1998ರಲ್ಲಿ ನಾನು ಇಂದಿರಾನಗರದ ಒಂದು ಸಣ್ಣ ಸಭಾಂಗಣದಲ್ಲಿ ಲೈಟ್ ಆಪರೇಟರ್ ಆಗಿದ್ದೆ. ಆ ವರ್ಷ ಹವ್ಯಾಸಿ ತಂಡವೊಂದು ಬಾಡಿಗೆ ಮನೆ ಹುಡುಕುವವನೊಬ್ಬನ ಕಥೆಯನ್ನು ನಾಟಕ ಮಾಡಿತು. ನಾಲ್ಕು ಭಾನುವಾರ, ನಾಲ್ಕು ಪ್ರದರ್ಶನ. ಮುಖ್ಯ ಪಾತ್ರ ಇಮ್ತಿಯಾಜ್‌ನದು. ವಾರವೆಲ್ಲ ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ, ಭಾನುವಾರ ರಂಗದ ಮೇಲೆ.

ನಾಟಕದಲ್ಲಿ ಅವನು ಮನೆಯಿಂದ ಮನೆಗೆ ಅಲೆಯುತ್ತಾನೆ. ಹೆಸರು ಕೇಳುವವರೆಗೆ ಎಲ್ಲರೂ ಕಾಫಿ ಕೊಡುತ್ತಾರೆ. ಕೇಳಿದ ಮೇಲೆ ಮನೆ ‘ನಿನ್ನೆಯೇ ಹೋಯ್ತು’ ಎನ್ನುತ್ತಾರೆ. ಕೊನೆಗೆ ಅವನು ರಂಗದ ಅಂಚಿಗೆ ಬಂದು ಪ್ರೇಕ್ಷಕರನ್ನೇ ಕೇಳುತ್ತಾನೆ: “ನಿಮ್ಮಲ್ಲಿ ಯಾರ ಮನೆಯಾದ್ರೂ ಖಾಲಿ ಇದೆಯಾ ಸಾರ್?” ಆಗ ನಾನು ಹೌಸ್ ಲೈಟ್, ಅಂದರೆ ಪ್ರೇಕ್ಷಕರ ತಲೆಯ ಮೇಲಿನ ದೀಪಗಳನ್ನು, ಪೂರ್ತಿ ಹೊತ್ತಿಸಬೇಕು. ಒಂದು ನಿಮಿಷ ಬಿಟ್ಟು ಆರಿಸಿದರೆ ನಾಟಕ ಮುಗಿಯಿತು.

ಆ ಒಂದು ನಿಮಿಷ ನೋಡಬೇಕು! ಅದುವರೆಗೆ ನಗುತ್ತಿದ್ದವರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಎರಡನೇ ವಾರ ಒಬ್ಬರು, “ದುಡ್ಡು ಕೊಟ್ಟು ಬೈಸ್ಕೊಳ್ಳೋಕೆ ಬಂದಿದೀವೇನ್ರೀ?” ಎಂದು ಎದ್ದೇ ಹೋದರು. ಮೇಲಿನ ಕ್ಯಾಬಿನ್ನಿನಲ್ಲಿ ಕೂತು ನಾನು ಮಜಾ ನೋಡುತ್ತಿದ್ದೆ.

ಮೂರನೇ ಪ್ರದರ್ಶನ ಮುಗಿದ ಮೇಲೆ ಇಮ್ತಿಯಾಜ್ ಕ್ಯಾಬಿನ್ನಿಗೆ ಹತ್ತಿ ಬಂದ. ಅವನಿದ್ದ ಮನೆಯನ್ನು ಮಾಲೀಕರು ಕೆಡವಿಸುವವರಿದ್ದರು. ಹೆಂಡತಿಗೆ ಆಗ ಏಳು ತಿಂಗಳು.

“ಹಲಸೂರಲ್ಲಿ ನಿಮ್ಮ ಮಹಡಿ ಮನೆ ಖಾಲಿ ಇದೆಯಂತಲ್ಲ ಅಣ್ಣ?”

“ಇದೆ ಇಮ್ತಿಯಾಜ್. ಆದ್ರೆ ನಮ್ಮನೆಯವಳು ಒಪ್ಪಲ್ಲ. ಸ್ವಲ್ಪ ಹಳೇ ಕಾಲದವಳು.”

“ಪರವಾಗಿಲ್ಲ ಬಿಡಿ ಅಣ್ಣ” ಎಂದು ಇಳಿದುಹೋದ. ನಿಜವೆಂದರೆ ನಾನು ನನ್ನ ಹೆಂಡತಿ ಪದ್ಮಳನ್ನು ಕೇಳಿಯೇ ಇರಲಿಲ್ಲ. ಬೀದಿಯವರು ಏನೆನ್ನುತ್ತಾರೋ ಎಂಬ ಅಳುಕು ನನ್ನದೇ. ವಾರವೆಲ್ಲ ಆ ಸುಳ್ಳು ನನ್ನನ್ನು ಕೊರೆಯಿತು.

ಕೊನೆಯ ಭಾನುವಾರ ಪದ್ಮ ತಾನೂ ನಾಟಕ ನೋಡುತ್ತೇನೆಂದು ಹೊರಟಳು. ಬೇಡವೆನ್ನಲು ಕಾರಣ ಸಿಗಲಿಲ್ಲ. ಇಮ್ತಿಯಾಜ್ ಪ್ರಶ್ನೆ ಕೇಳಿದ, ನಾನು ದೀಪ ಹೊತ್ತಿಸಿದೆ. ನಾಲ್ಕನೇ ಸಾಲಿನಲ್ಲಿ ಪದ್ಮ ಎದ್ದು ನಿಂತಳು.

“ನಮ್ಮ ಮಹಡಿ ಎರಡು ತಿಂಗಳಿಂದ ಖಾಲಿ ಇದೆಯಪ್ಪ. ನಿಜವಾಗ್ಲೂ ಬೇಕಿದ್ರೆ ಬಂದು ನೋಡು. ಮೇಲೆ ಲೈಟ್ ಬಿಡ್ತಿರೋರು ನಮ್ಮೆಜಮಾನ್ರೇ, ಅವರನ್ನೇ ಕೇಳು.”

ಇಡೀ ಸಭಾಂಗಣ ಹಿಂದಿರುಗಿ ನನ್ನ ಕ್ಯಾಬಿನ್ನನ್ನು ನೋಡಿತು. ಇಮ್ತಿಯಾಜ್ ಕೂಡ ತಲೆಯೆತ್ತಿ ನೋಡಿದ. ದೀಪ ಆರಿಸಲು ನನಗೆ ಕೈಯೇ ಬರಲಿಲ್ಲ.

ಜನ ಹೋದ ಮೇಲೆ ಕೆಳಗಿಳಿದು ಇಬ್ಬರ ಎದುರೂ ಹೇಳಿದೆ: “ನಾನು ಇವಳನ್ನ ಕೇಳೇ ಇರ್ಲಿಲ್ಲ ಇಮ್ತಿಯಾಜ್. ಸುಳ್ಳು ಹೇಳ್ದೆ.”

ಅವನು ಪದ್ಮಳ ಕಡೆ ತಿರುಗಿ, “ಅಕ್ಕ, ನಾಳೆ ಬೆಳಗ್ಗೆ ನಮ್ಮನೆಯವ್ರನ್ನ ಕರ್ಕೊಂಡ್ ಬರ್ಲಾ?” ಎಂದ.

“ತಿಂಡಿಗೇ ಬನ್ನಿ” ಎಂದಳು.

ಅಂದು ಹಲಸೂರಿಗೆ ನಡೆದೇ ಹೋದೆವು. ಪದ್ಮ ದಾರಿಯುದ್ದಕ್ಕೂ ಬೈದಳು. ನನಗೆ ಹಾಯೆನಿಸುತ್ತಿತ್ತು.

ಅವರು ನಮ್ಮ ಮಹಡಿಯಲ್ಲಿ ಆರು ವರ್ಷ ಇದ್ದರು. ನಾಟಕ ಬೇರೆಯವರ ಮುಖ ತೋರಿಸಲೆಂದೇ ಇರುವುದೆಂದು ನಂಬಿ ಅಷ್ಟು ವರ್ಷ ದೀಪ ಬಿಟ್ಟುಕೊಂಡಿದ್ದ ನಾನು, ಆಮೇಲೆ ಪ್ರತಿ ಸ್ಕ್ರಿಪ್ಟನ್ನೂ ಮೊದಲೊಮ್ಮೆ ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕೂತವನಂತೆ ಓದತೊಡಗಿದೆ. ಪದ್ಮಳ ಪರವಾಗಿ ಉತ್ತರ ಕೊಡುವುದನ್ನೂ ಬಿಟ್ಟೆ.