ಮಣ್ಣು ತಯಾರಿಸುವ ದೇಶದಿಂದ ಬಂದವಳು

ಒಂದು ದೇಶವನ್ನು ಈ ದಂಡೆಯಿಂದ ಆ ದಂಡೆಗೆ ನಡೆದು ದಾಟಿ, ವಾಪಸ್ ಬಂದು, ಬಿಟ್ಟುಹೋಗಿದ್ದ ಚಹಾವನ್ನು ಬಿಸಿ ಇರುವಾಗಲೇ ಕುಡಿದ ಹೆಂಗಸು ಯಾರಾದರೂ ನಿಮಗೆ ಗೊತ್ತೇ? ನನಗೆ ಗೊತ್ತು. ನನ್ನ ಮಾವಶಿಯ ಮಗಳು ಸುನಂದಾ.

(ಮಾವಶಿ ಅಂದರೆ ಚಿಕ್ಕಮ್ಮ. ಗಡಿಯಲ್ಲಿರುವ ನಮಗೆ ಅರ್ಧ ಸಂಬಂಧಗಳು ಮರಾಠಿಯಲ್ಲೇ ಇರುತ್ತವೆ, ಏನು ಮಾಡೋಣ?)

ಸುನಂದಾಳ ಗಂಡ ಸಕ್ಕರೆ ಕಾರ್ಖಾನೆಯ ಎಂಜಿನಿಯರ್. ಈಗ ಕೆಲವು ವರ್ಷಗಳಿಂದ ಫಿಜಿ ದೇಶದಲ್ಲಿದ್ದಾನೆ. ಪೆಸಿಫಿಕ್ ಸಾಗರದ ನಡುವೆ ಹೋದರೂ ನಮ್ಮವರಿಗೆ ಕಬ್ಬು ತಪ್ಪಲಿಲ್ಲ ನೋಡಿ. ರಜೆಗೆ ಬಂದ ಸುನಂದಾ ಒಂದು ಭಾನುವಾರ ಕಾಗವಾಡ ತಾಲ್ಲೂಕಿನ ನಮ್ಮ ತವರಿಗೆ ಬರುತ್ತೇನೆ ಅಂದಳು. ನಾನೂ ಚಿಕ್ಕೋಡಿಯಿಂದ ಬಸ್ ಹತ್ತಿದೆ.

ಮನೆಯಲ್ಲಿ ಅವತ್ತು ಬೇರೆಯೇ ಬಿಸಿ. ನನ್ನ ತಮ್ಮ ಅಪ್ಪಾಸಾಬ ಹೊಳೆದಂಡೆಯ ಹೊಲದ ಮಣ್ಣನ್ನು ಇಟ್ಟಿಗೆ ಭಟ್ಟಿಯವರಿಗೆ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ಮರುದಿನ ಬೆಳಿಗ್ಗೆ ಜೆಸಿಬಿ ಬರಬೇಕಿತ್ತು. ಅವ್ವ ಯಾರೊಂದಿಗೂ ಮಾತಾಡದೆ ಜೋರುಜೋರಾಗಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳದಲ್ಲೇ ಎಲ್ಲವೂ ತಿಳಿಯುತ್ತಿತ್ತು.

"ಹೊಲಾ ಮಾರಾಕತ್ತಿಲ್ಲ ಅಕ್ಕಾ, ಬರೀ ಮ್ಯಾಲಿನ ಮಣ್ಣ. ಕೆಳಗೂ ಮಣ್ಣ ಐತೆಲ್ಲ? ಆ ರೊಕ್ಕದಾಗ ಹೊಸಾ ಟ್ರ್ಯಾಕ್ಟರ್ ಬರತೈತಿ" ಎಂದ.

ನಾನು ಮೇಲ್ಮಣ್ಣಿನ ಮಹತ್ವದ ಬಗ್ಗೆ ಭಾಷಣ ಶುರು ಮಾಡಿದೆ. ಅವನು ಮೊಬೈಲ್ ನೋಡತೊಡಗಿದ. ಪೇಪರಿಗೆ ಬರೆಯುವವಳ ಮಾತನ್ನು ಮನೆಯವರು ಯಾವಾಗ ಕೇಳಿದ್ದಾರೆ ಹೇಳಿ?

ಊಟಕ್ಕೆ ಕೂತಾಗ ಸುನಂದಾ ತನ್ನ ಪ್ರವಾಸದ ಕಥೆ ತೆಗೆದಳು. ಫಿಜಿಯಲ್ಲಿ ಅವಳ ಪಕ್ಕದ ಮನೆಯವಳು ಸಿನಾ. ಸಿನಾಳ ತವರು ತುವಾಲು. ಹೆಸರು ಕೇಳಿದ್ದೀರಾ? ನಾನಂತೂ ಕೇಳಿರಲಿಲ್ಲ. ಅದೂ ಒಂದು ದೇಶ, ಸ್ವಾಮಿ! ಅದಕ್ಕೂ ಬಾವುಟ, ಪ್ರಧಾನಿ, ಪಾರ್ಲಿಮೆಂಟ್ ಎಲ್ಲ ಇದೆ. ಸಿನಾ ತವರಿಗೆ ಹೊರಟಾಗ ಇವಳೂ ಜೊತೆಗೆ ಹೋಗಿ ಬಂದಿದ್ದಾಳೆ.

"ಫಿಜಿ ಅಂದ್ರ ನಮ್ಮ ರಾಯಬಾಗ ಕಡೆ ಇದ್ದಂಗನ ಅಕ್ಕಾ. ಕಬ್ಬು, ಹೊಳಿ, ಬಾಜಾರದಾಗ ಬದನಿಕಾಯಿ, ಬೆಂಡಿಕಾಯಿ. ಮ್ಯಾಲ ದೊಡ್ಡ ದೊಡ್ಡ ಗುಡ್ಡ. ಆದ್ರ ತುವಾಲು? ಎಡಕ್ಕ ನೋಡಿದ್ರ ಸಮುದ್ರ, ಬಲಕ್ಕ ನೋಡಿದ್ರ ಸಮುದ್ರ. ನಡುವ ರಸ್ತಾ. ಅಷ್ಟ ದೇಶ!"

ವಿಮಾನ ಇಳಿಯುವ ರನ್‌ವೇ ಇದೆಯಲ್ಲ, ಅದೇ ಅವರ ಮೈದಾನವಂತೆ. ಸಂಜೆ ಹುಡುಗರು ಅಲ್ಲಿ ಫುಟ್‌ಬಾಲ್ ಆಡುತ್ತಾರೆ. ವಿಮಾನ ಬರುವ ದಿನ ಸೈರನ್ ಕೂಗುತ್ತದೆ, ಎಲ್ಲರೂ ಬದಿಗೆ ಸರಿಯುತ್ತಾರೆ. (ನಮ್ಮ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಾರ್ನ್ ಹೊಡೆದರೂ ಎಮ್ಮೆ ಸರಿಯುವುದಿಲ್ಲ, ಇರಲಿ ಬಿಡಿ.)

ಅಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ. ಕುಡಿಯುವುದು ಮಳೆ ನೀರು. "ಫಿಜಿಯೊಳಗ ಜೋರ ಮಳಿ ಬಂದ್ರ ಮಂದಿ ಬೈತಾರ. ತುವಾಲುದಾಗ ಮಳಿ ಬಂದ್ರ ಎದ್ದು ಹೋಗಿ ಟಾಕಿ ಬಡದು ನೋಡ್ತಾರ, ಎಷ್ಟ ತುಂಬೇತಿ ಅಂತ" ಎಂದಳು. ಫಿಜಿ ನಮ್ಮ ಕರ್ನಾಟಕದ ಮುಂದೆ ಬಲು ಸಣ್ಣದು. ತುವಾಲಿನವರ ಕಣ್ಣಿಗೆ ಮಾತ್ರ ಅದೊಂದು ಖಂಡ.

"ಹಂಗಾದ್ರ ಹೊಲಾ ಎಲ್ಲಿ?" ಅಪ್ಪಾಸಾಬ ಮೊಬೈಲ್ ಕೆಳಗಿಟ್ಟು ಕೇಳಿದ. ಯಾವ ದೇಶದ ಮಾತು ಬಂದರೂ ನಮ್ಮವರ ಮೊದಲ ಪ್ರಶ್ನೆ ಇದೇ ತಾನೆ?

"ಮಣ್ಣ ಇದ್ರ ಹೊಲಾ. ಅಲ್ಲಿ ಮಣ್ಣ ಇಲ್ಲ, ಅಪ್ಪೂ."

ಮಣ್ಣೇ ಇಲ್ಲ! ಇರುವುದು ಹವಳದ ಚೂರು, ಬಿಳಿ ಮರಳು. ಅದರಲ್ಲಿ ಅವರು ದೊಡ್ಡ ತಗ್ಗು ತೋಡುತ್ತಾರೆ, ತಳದಲ್ಲಿ ಸಿಹಿನೀರಿನ ಪಸೆ ಸಿಗುವವರೆಗೆ. ಆ ತಗ್ಗಿಗೆ ಎಲೆ ಹಾಕುತ್ತಾರೆ. ಎಲೆ ಕೊಳೆತ ಮೇಲೆ ಮತ್ತೆ ಎಲೆ. ಹೀಗೆ ಅಜ್ಜ, ಅಪ್ಪ, ಮಗ ಸೇರಿ ಮಣ್ಣು ತಯಾರಿಸುತ್ತಾರೆ. ಅದರಲ್ಲಿ ಕೆಸುವಿನ ಜಾತಿಯ ಒಂದು ಗಡ್ಡೆ ಬೆಳೆಯುತ್ತದೆ. ಯಾವ ಎಲೆ ಹಾಕಬೇಕು, ಯಾವಾಗ ಹಾಕಬೇಕು ಎನ್ನುವುದು ಆಯಾ ಮನೆತನದ ಗುಟ್ಟಂತೆ. ಕೇಳುತ್ತಾ ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಹೊಲ ಗಳಿಸಿದವರನ್ನು ಕಂಡಿದ್ದೇನೆ, ಕಳೆದವರನ್ನೂ ಕಂಡಿದ್ದೇನೆ. ಮಣ್ಣನ್ನೇ ಹುಟ್ಟಿಸಿದವರನ್ನು ಕಂಡಿರಲಿಲ್ಲ.

ಸಿನಾಳ ಅಜ್ಜಿ ಸುನಂದಾಳನ್ನು ತಮ್ಮ ತಗ್ಗಿಗೆ ಇಳಿಸಿದ್ದಾಳೆ. ಮೊಣಕಾಲವರೆಗೆ ಕರಿ ಕೆಸರು. ಮೇಲೆ ಬಂದ ಇವಳು, ನಮ್ಮ ಹೆಣ್ಣುಮಕ್ಕಳ ರೂಢಿಯಂತೆ, ಕಾಲು ತೊಳೆಯಲು ನೀರು ಕಂಡ ಕಡೆ ಹೊರಟಿದ್ದಾಳೆ. ನೀರಿಗೇನು ಬರ, ನಾಲ್ಕು ಹೆಜ್ಜೆಗೆ ಸಮುದ್ರ. ಅಜ್ಜಿ ಓಡಿ ಬಂದು ರಟ್ಟೆ ಹಿಡಿದಳಂತೆ.

"ನಾ ಗಾಬರ್‍ಯಾದೆ. ಸಮುದ್ರಾ ಮೈಲಿಗಿ ಆಗತೈತೇನೋ, ದೇವರಿಗೇನರ ತಪ್ಪ ಮಾಡಿದೆನೋ ಅಂತ. ಸಿನಾ ನಕ್ಕೊಂತ ಹೇಳಿದ್ಲು, ತಗ್ಗಿನ ದಂಡಿಮ್ಯಾಗ ನಿಂತು ತೊಳ್ಕೋಬೇಕಂತ. ಆ ಮುದುಕಿ ಕುಡಿಯೋ ನೀರ ತಂದು ತಾನ ಹನಿಸಿದ್ಲು ಅಕ್ಕಾ. ನನ್ನ ಕಾಲಾನ ಕೆಸರೆಲ್ಲ ಮತ್ತ ತಗ್ಗಿಗೇ ಬಿತ್ತು. ಬೆರಳಸಂದ್ಯಾಗಿಂದು ಸೈತ ಬಿಡಲಿಲ್ಲ."

ಕುಡಿಯುವ ನೀರು ಮಳೆಯಿಂದಲೇ ಬರುವ ಊರಿನಲ್ಲಿ, ಒಂದು ಹಿಡಿ ಕೆಸರಿಗಾಗಿ ಆ ನೀರನ್ನು ಸುರಿದವಳು ಆ ಮುದುಕಿ.

ಆ ಅಜ್ಜಿ ಒಮ್ಮೆ ಮೊಮ್ಮಗಳನ್ನು ನೋಡಲು ಫಿಜಿಗೂ ಬಂದಿದ್ದಳಂತೆ. ಅಂಗಡಿ ನೋಡಲಿಲ್ಲ, ಗುಡ್ಡ ನೋಡಲಿಲ್ಲ. ಮಳೆಗಾಲದ ಹೊಳೆ ಕೆಂಪಗೆ ಮಣ್ಣು ಹೊತ್ತು ಸಮುದ್ರದ ಕಡೆ ಓಡುವುದನ್ನು ಕಂಡು ಸೇತುವೆಯ ಮೇಲೆ ನಿಂತುಬಿಟ್ಟಳಂತೆ. ಇದು ಯಾರ ಮಣ್ಣು, ಯಾಕೆ ಯಾರೂ ಹಿಡಿಯುತ್ತಿಲ್ಲ ಎಂದು ಕೇಳಿದಳಂತೆ. ಫಿಜಿಯವರು ನಕ್ಕರಂತೆ. ಮಣ್ಣು ಇದ್ದವರು ನಗುತ್ತಾರೆ.

"ಈಗ ಆ ತಗ್ಗಿಗೂ ಸಮುದ್ರದ್ದ ಉಪ್ಪನೀರ ಒಳಗಿಂದ ಬರಾಕತ್ತೈತಿ. ಬಾಜೂಕಿನವರ ತಗ್ಗಿನ್ಯಾಗ ಎಲಿ ಹಳದಿ ಆಗಿ ಸತ್ತು ಹೋಗ್ಯಾವ."

"ಸವಳ" ಎಂದ ಅಪ್ಪಾಸಾಬ. ಒಂದೇ ಶಬ್ದ. ಕಬ್ಬಿಗೆ ನೀರು ಕುಡಿಸಿ ಕುಡಿಸಿ ಬೆಳ್ಳಗೆ ಉಪ್ಪು ಹೂತ ಹೊಲಗಳು ನಮ್ಮ ಅಥಣಿ-ರಾಯಬಾಗದ ಕಡೆ ಯಾರಿಗೆ ಗೊತ್ತಿಲ್ಲ? ಆಮೇಲೆ ಕೇಳಿದ, "ಆ ಮುದುಕಿ ಏನ ಮಾಡ್ತಾಳ ಮತ್ತ?"

"ಏನ ಮಾಡ್ತಾಳ? ದಿನಾ ಎಲಿ ಹಾಕ್ತಾಳ."

ಅವನು ಕೈ ತೊಳೆದು ಎದ್ದು ಹೋದ. ಟ್ರ್ಯಾಕ್ಟರಿನ ಮಾತು ಆಮೇಲೆ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಜೆಸಿಬಿ ಬಂತು. ನಾನೂ ಹೊಲಕ್ಕೆ ಹೋಗಿದ್ದೆ. ಅಪ್ಪಾಸಾಬ ಬದುವಿನ ಮೇಲೆ ನಿಂತು, "ಹೊಳ್ಳಿ ಒಯ್ಯಿ ತಮ್ಮಾ, ಮಣ್ಣ ಕೊಡಾವಿಲ್ಲ" ಎಂದ. ಕೊಟ್ಟ ಮಾತು ತಪ್ಪುವವನಲ್ಲ ಅವನು. ಅದಕ್ಕೇ ಮುಖ ಕೆಂಪಾಗಿತ್ತು. ಡ್ರೈವರ್ ನಕ್ಕು, "ರಾತ್ರ್ಯಾಗ ಏನಾತ್ರಿ ಮಾಲಕರ?" ಎಂದ. ತುವಾಲು, ಅಜ್ಜಿ, ಎಲೆ ಎಂದೆಲ್ಲ ಹೇಳಿದ್ದರೆ ಆ ಡ್ರೈವರ್ ನಂಬುತ್ತಿದ್ದನೇ? ನನಗಂತೂ ತಮ್ಮನನ್ನು ಅಪ್ಪಿಕೊಳ್ಳಬೇಕು ಅನಿಸಿತು. (ಅಪ್ಪಿಕೊಳ್ಳಲಿಲ್ಲ. ನಮ್ಮ ಕಡೆ ಅದೆಲ್ಲ ಇಲ್ಲ.)

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಜೆಸಿಬಿ ಬಹಳ ದೂರ ಹೋಗಬೇಕಾಗಲಿಲ್ಲ. ಬಲಗಡೆಯ ಹೊಲದವರು ಕರೆದರು. ಅದಾದ ಮೇಲೆ ಎಡಗಡೆಯವರು. ಆಮೇಲೆ ಹಿಂದಿನವರು.

ಮೊನ್ನೆ ಹೋಗಿ ನೋಡಿ ಬಂದೆ. ಸುತ್ತಲೂ ಎದೆಮಟ್ಟ ಅಗೆದ ಹೊಲಗಳು. ನಡುವೆ ಅಪ್ಪಾಸಾಬನ ಕಪ್ಪು ಹೊಲ ಒಂದೇ ಎತ್ತರದಲ್ಲಿ ನಿಂತಿದೆ. ಅಂಚಿನಲ್ಲಿ ಆಗಲೇ ಮಣ್ಣು ಉದುರುತ್ತಿದೆ. ಅವನು ಸುತ್ತಲೂ ಹುಲ್ಲು ನೆಡುತ್ತಿದ್ದ, ಒಬ್ಬನೇ.

ಸಮುದ್ರವನ್ನೇ ಕಾಣದ ನಮ್ಮ ಕಾಗವಾಡದಲ್ಲಿ ಒಂದು ದ್ವೀಪ ಹುಟ್ಟಿದೆ. ಮಳೆಗಾಲಕ್ಕೆ ಅದು ಎಷ್ಟು ಉಳಿದೀತು?